ಮಡಿ ಡೀಸೆಲ್

ಕಚ್ಚಾ ತೈಲಕ್ಕೂ ಮಡಿ-ಮೈಲಿಗೆ ಉಂಟೆಂಬ ಹೊಸ ಶಾಸ್ತ್ರವನ್ನು ಜಗತ್ತಿಗೆ ಕೊಟ್ಟ ಕೀರ್ತಿ ಬ್ರಸೆಲ್ಸ್‌ನ ಯುರೋಪಿಯನ್ ಒಕ್ಕೂಟದ ಆಚಾರ್ಯರಿಗೆ ಸಲ್ಲಬೇಕು. 2022ರ ಡಿಸೆಂಬರ್ 5ರಿಂದ ರಷ್ಯಾದ ಕಚ್ಚಾ ತೈಲ ಹಡಗೇರಿ ಬಂದರೆ ಯುರೋಪಿಗೆ ಮೈಲಿಗೆ. ಸೋವಿಯತ್ ಕಾಲದ ದ್ರುಜ್ಬಾ ಪೈಪಿನಲ್ಲಿ ಹರಿದು ಹಂಗೆರಿಗೋ ಸ್ಲೊವಾಕಿಯಾಕ್ಕೋ ಬಂದರೆ ದೋಷವಿಲ್ಲ. ಇನ್ನು ಅದು ಗುಜರಾತಿನ ಜಾಮ್‌ನಗರಕ್ಕೆ ಬಂದು, ರಿಫೈನರಿಯಲ್ಲಿ ಕುದಿದು, ಡೀಸೆಲ್ಲಾಗಿ ರಾಟರ್‌ಡ್ಯಾಮ್‌ ಸೇರಿದರಂತೂ ಅಪ್ಪಟ ಮಡಿಯಾಗುತ್ತಿತ್ತು. ಅಗ್ನಿಗಿಂತ ದೊಡ್ಡ ಪ್ರಾಯಶ್ಚಿತ್ತ ಯಾವುದಿದೆ?

2023ರ ಮೇ ತಿಂಗಳಲ್ಲಿ ಯುರೋಪಿನ ವಿದೇಶಾಂಗ ಮುಖ್ಯಸ್ಥ ಬೊರೆಲ್ ಅವರಿಗೆ ಈ ಡೀಸೆಲ್ಲಿನ ಮೇಲೆ ಸಂಶಯ ಬಂತು. ಭಾರತದ ಮೇಲೆ ಏನಾದರೂ ಕ್ರಮ ಆಗಬೇಕು ಎಂದರು. ನಮ್ಮ ವಿದೇಶಾಂಗ ಸಚಿವ ಜೈಶಂಕರ್ ಬ್ರಸೆಲ್ಸ್‌ಗೇ ಹೋಗಿ, ನಿಮ್ಮದೇ ಗ್ರಂಥ ಬಿಚ್ಚಿ ನೋಡಿ ಸ್ವಾಮಿ, 833/2014ನೇ ನಿಯಮಾವಳಿ ಎಂಬರ್ಥದಲ್ಲಿ ಉತ್ತರ ಕೊಟ್ಟು ಬಂದರು. ಮೂರನೆಯ ದೇಶದಲ್ಲಿ ಸಾಕಷ್ಟು ರೂಪ ಬದಲಿಸಿಕೊಂಡ ರಷ್ಯನ್ ತೈಲ ಆಮೇಲೆ ರಷ್ಯನ್ ಅಲ್ಲ ಎಂಬುದು ಅವರ ವಾದ. ವಾದ ಸರಿಯಾಗಿಯೇ ಇತ್ತು. ಕಿಂಡಿ ಇಟ್ಟು ಗೋಡೆ ಕಟ್ಟಿದವರೇ, ಕಿಂಡಿಯಲ್ಲಿ ಗಾಳಿ ಬರುತ್ತಿದೆ ಎಂದು ಮುನಿಸಿಕೊಂಡಿದ್ದರು. ಈ ದೋಷ ಶಾಸ್ತ್ರಕಾರರಿಗೆ ಹೊಳೆದದ್ದು 2025ರ ಜುಲೈಗೆ. ರಷ್ಯನ್ ತೈಲದಿಂದ ತಯಾರಾದ ಡೀಸೆಲ್ಲೂ ಬೇಡವೆಂದು ಆಗ ತೀರ್ಮಾನಿಸಿದರು. ಅದೂ ಕೂಡಲೇ ಅಲ್ಲ, 2026ರ ಜನವರಿಯಿಂದ. ಮಧ್ಯೆ ಒಂದು ಚಳಿಗಾಲ ಬರುತ್ತದಲ್ಲ.

ಕಿಂಡಿ ಕಣ್ತಪ್ಪಿನಿಂದ ಉಳಿದದ್ದು ಎಂದು ಯಾರೂ ತಿಳಿಯಬಾರದು. ನೀಲನಕ್ಷೆಯಲ್ಲೇ ಇತ್ತು. 2022ರ ಅದೇ ಡಿಸೆಂಬರ್ 5ರಂದು ಜಿ-7 ದೇಶಗಳು ಇನ್ನೊಂದು ವಿಧಿ ಜಾರಿಗೆ ತಂದವು: ರಷ್ಯನ್ ತೈಲವನ್ನು ನಾವು ಮುಟ್ಟುವುದಿಲ್ಲ, ಬೇರೆಯವರು ಬ್ಯಾರೆಲ್ಲಿಗೆ 60 ಡಾಲರ್ ಮೀರದಂತೆ ಕೊಂಡರೆ ನಮ್ಮ ಹಡಗು, ನಮ್ಮ ವಿಮೆ ಬಾಡಿಗೆಗೆ ಸಿಗುತ್ತವೆ. ರಷ್ಯಾದ ತೈಲ ಪೂರ್ತಿ ನಿಂತರೆ ಜಗತ್ತಿನಲ್ಲೆಲ್ಲ ಬೆಲೆ ಏರಿ, ಅಮೆರಿಕದ ಮತದಾರ ಬಂಕಿನಲ್ಲಿ ನಿಂತು ಬೈಯುತ್ತಾನೆ. ಆದ್ದರಿಂದ ತೈಲ ಹರಿಯಬೇಕು, ಪುಟಿನ್ ಜೇಬು ಮಾತ್ರ ಸೊರಗಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನಮ್ಮ ಹಳ್ಳಿಯ ನೀತಿ ವಾಷಿಂಗ್ಟನ್ನಿನ ಖಜಾನೆ ಇಲಾಖೆಯಲ್ಲಿ ಅರ್ಥಶಾಸ್ತ್ರ ಅನ್ನಿಸಿಕೊಂಡಿತು.

ಅರವತ್ತರೊಳಗೇ ಕೊಂಡದ್ದೆನ್ನಲು ಸಾಕ್ಷಿ? ಒಂದು ಕಾಗದ. ಕಾಗದವೂ ಬೇಡವೆಂದವರಿಗೆ ಹಳೆಯ ಟ್ಯಾಂಕರುಗಳ ಗುಪ್ತ ನೌಕಾಪಡೆ ಹುಟ್ಟಿಕೊಂಡಿತು. ಮುದಿ ಹಡಗುಗಳು ಹೆಸರು, ಬಾವುಟ ಬದಲಿಸಿಕೊಂಡು, ತಾವೆಲ್ಲಿದ್ದೇವೆಂದು ತೋರಿಸುವ ಯಂತ್ರ ಬಂದ್ ಮಾಡಿಕೊಂಡು ತಿರುಗಾಡಿದವು. ಅವುಗಳಲ್ಲಿ ಎಷ್ಟನ್ನೋ ಒಳ್ಳೆಯ ಬೆಲೆಗೆ ಮಾರಿದವರು ಗ್ರೀಸಿನ ಹಡಗು ಮಾಲೀಕರು. ಗ್ರೀಸು ನೇಟೊದಲ್ಲೂ ಉಂಟು, ಯುರೋಪಿಯನ್ ಒಕ್ಕೂಟದಲ್ಲೂ ಉಂಟು. ಯುರೋಪಿನ ವಜ್ರ ಪೇಟೆ ಬೆಲ್ಜಿಯಮ್ಮಿನ ಆಂಟ್‌ವರ್ಪ್‌ನಲ್ಲಿದೆ, ಹಾಗಾಗಿ ರಷ್ಯಾದ ವಜ್ರಕ್ಕೆ ಮೈಲಿಗೆ ತಗುಲಲು 2024ರ ಜನವರಿ ಬರಬೇಕಾಯಿತು. ಅಮೆರಿಕವೂ ತನ್ನ ಅಣುಸ್ಥಾವರಗಳಿಗೆ ರಷ್ಯಾದ ಸಂವರ್ಧಿತ ಯುರೇನಿಯಂ ಬೇಡವೆಂದು 2024ರಲ್ಲಿ ಕಾನೂನು ಮಾಡಿತು. ಬೇಕೇ ಬೇಕಾದಾಗ ತರಿಸಿಕೊಳ್ಳಲು 2027ರ ಕೊನೆಯವರೆಗೆ ವಿನಾಯಿತಿಯನ್ನೂ ಬರೆದುಕೊಂಡಿತು.

ಇವೆಲ್ಲಕ್ಕಿಂತ ದೊಡ್ಡ ಪವಾಡ ಯುದ್ಧಭೂಮಿಯಲ್ಲೇ ನಡೆದಿದೆ. 2019ರ ಡಿಸೆಂಬರಿನಲ್ಲಿ ಆದ ಐದು ವರ್ಷದ ಒಪ್ಪಂದದಂತೆ ರಷ್ಯಾದ ಅನಿಲ ಉಕ್ರೇನಿನ ಪೈಪುಗಳ ಮೂಲಕ ಯುರೋಪಿಗೆ ಹರಿಯುತ್ತಿತ್ತು. 2022ರ ಫೆಬ್ರವರಿ 24ರಂದು ರಷ್ಯಾದ ಟ್ಯಾಂಕುಗಳು ಗಡಿ ದಾಟಿದವು. ಅನಿಲವೂ ಎಂದಿನಂತೆ ದಾಟಿತು. ಮೇಲೆ ಕ್ಷಿಪಣಿ, ಕೆಳಗೆ ಅನಿಲ. ದಾಳಿ ಮಾಡಿದವನು ದಾಳಿಗೊಳಗಾದವನಿಗೆ ಸಾಗಣೆ ಶುಲ್ಕ ಕಟ್ಟುತ್ತಿದ್ದ. 2024ರ ಆಗಸ್ಟಿನಲ್ಲಿ ಉಕ್ರೇನ್ ಸೇನೆ ರಷ್ಯಾದ ಕುರ್ಸ್ಕ್ ಪ್ರಾಂತ್ಯಕ್ಕೆ ನುಗ್ಗಿ ಸುಜಾ ಪಟ್ಟಣವನ್ನು, ಅನಿಲ ಅಳೆಯುವ ಅಲ್ಲಿನ ಕೇಂದ್ರದ ಸಮೇತ, ವಶಪಡಿಸಿಕೊಂಡಿತು. ಆಗಲೂ ಅನಿಲ ನಿಲ್ಲಲಿಲ್ಲ. ನಿಂತದ್ದು 2025ರ ಜನವರಿ 1ಕ್ಕೆ, ಒಪ್ಪಂದದ ಅವಧಿ ತೀರಿದ್ದಕ್ಕೆ. ಲಕ್ಷಾಂತರ ಸೈನಿಕರು ಸತ್ತು, ಗಾಯಗೊಂಡು ಆಗದ್ದು ಕ್ಯಾಲೆಂಡರ್ ತಿರುವಿದಾಗ ಆಯಿತು.

ಮಡಿಯ ಪಾಠ ನಮಗೂ ಆಯಿತು. ರಷ್ಯನ್ ತೈಲ ಕೊಂಡ ತಪ್ಪಿಗೆ ಟ್ರಂಪ್ 2025ರ ಆಗಸ್ಟಿನಲ್ಲಿ ಭಾರತದ ಸರಕಿನ ಮೇಲೆ ಇನ್ನೂ ಶೇ 25ರಷ್ಟು ಸುಂಕ ಹೇರಿ ಒಟ್ಟು ಶೇ 50ಕ್ಕೆ ಒಯ್ದರು. ನಮಗಿಂತ ಬಲಿಷ್ಠ ಗಿರಾಕಿಯಾದ ಚೀನಾಕ್ಕೆ ಇಂಥ ತೈಲದಂಡ ಬೀಳಲಿಲ್ಲ. ಅಪರೂಪದ ಲೋಹಗಳ ಬೀಗದ ಕೈ ಇದ್ದವನ ಎದುರು ಪುರೋಹಿತರೂ ಮಂತ್ರ ಮರೆಯುತ್ತಾರೆ. ನವೆಂಬರಿನಲ್ಲಿ ಹಂಗೆರಿಯ ಅಂದಿನ ಪ್ರಧಾನಿ ಓರ್ಬನ್ ಶ್ವೇತಭವನಕ್ಕೆ ಹೋಗಿ, ರಷ್ಯನ್ ತೈಲದ ಮೇಲಿನ ಅಮೆರಿಕದ ನಿರ್ಬಂಧಗಳಿಂದ ಒಂದು ವರ್ಷದ ವಿನಾಯಿತಿ ಪಡೆದು ಬಂದರು. ಮಿತ್ರಕೂಟ ಅಂದರೆ ಇದು: ಮೈಲಿಗೆ ಯಾವುದೆಂದು ಹೇಳುವ ಹಕ್ಕು ಒಬ್ಬನಿಗೆ, ತಲೆಗೆ ಸ್ನಾನ ಮಾಡುವ ಕೆಲಸ ಇನ್ನೊಬ್ಬನಿಗೆ.

ನಾವೇನು ಪರಮ ಸಾತ್ವಿಕರೇ? ಯುದ್ಧಕ್ಕೆ ಮುಂಚೆ ನಮ್ಮ ಆಮದಿನಲ್ಲಿ ಶೇ 2ರಷ್ಟೂ ಇರದಿದ್ದ ರಷ್ಯನ್ ತೈಲ ಮೂರನೇ ಒಂದು ಪಾಲು ದಾಟಿತು. ಮಂಗಳೂರಿನ ಎಂಆರ್‌ಪಿಎಲ್ ಕೂಡ ಕೊಂಡಿತು. ಬಡದೇಶದ ಜನರಿಗೆ ಅಗ್ಗದ ಇಂಧನ ಬೇಡವೇ ಎಂದು ದಿಲ್ಲಿ ಕೇಳಿದಾಗ ಕಣ್ಣು ತೇವವಾಗಿತ್ತು. ಆ ಅಗ್ಗ ಬೆಂಗಳೂರಿನ ಬಂಕಿನವರೆಗೆ ಎಷ್ಟು ಬಂತೆಂಬುದಕ್ಕೆ ಲೆಕ್ಕವಿದೆ: ಲೋಕಸಭಾ ಚುನಾವಣೆ ಹೊಸ್ತಿಲಲ್ಲಿದ್ದ 2024ರ ಮಾರ್ಚಿನಲ್ಲಿ ಪೆಟ್ರೋಲ್ ಲೀಟರಿಗೆ 2 ರೂಪಾಯಿ ಇಳಿಯಿತು. ಫಲಿತಾಂಶ ಬಂದ ಮೇಲೆ, ಜೂನ್‌ನಲ್ಲಿ, ರಾಜ್ಯ ಸರ್ಕಾರ ಮಾರಾಟ ತೆರಿಗೆ ಹೆಚ್ಚಿಸಿ 3 ರೂಪಾಯಿ ಏರಿಸಿತು.