ಮುಚ್ಚಳ ಇರುವ ಕಳ್ಳತನ

ಕಳ್ಳನಿಗೆ ಎಷ್ಟು ತಾಳ್ಮೆ ಬೇಕೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಅದೂ ಒಂದು ರ‍್ಯಾಕೂನಿನ ದೆಸೆಯಿಂದ. ಈ ಪ್ರಾಣಿ ನಮ್ಮ ಕಡೆಯದಲ್ಲ, ಉತ್ತರ ಅಮೆರಿಕದ್ದು. ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲದ ತುಂಬ ಬಳೆಯಂಥ ಗೆರೆ, ಕಸದ ಡಬ್ಬಿ ತಡಕುವುದರಲ್ಲಿ ನಿಸ್ಸೀಮ. ಹುಟ್ಟುವಾಗಲೇ ಮುಖವಾಡ ಹಾಕಿಕೊಂಡು ಬಂದವನಿಗೆ ಬೇರೆ ಯಾವ ಪಾತ್ರ ತಾನೆ ಕೊಡುತ್ತಾರೆ?

2006ರಲ್ಲಿ ಡ್ರೀಮ್‌ವರ್ಕ್ಸ್ ತೆಗೆದ ‘ಓವರ್ ದ ಹೆಡ್ಜ್’ ಕಾರ್ಟೂನ್ ಸಿನಿಮಾದಲ್ಲಿ ಈ ರ‍್ಯಾಕೂನಿನ ಹೆಸರು ಆರ್‌ಜೆ. ಕರಡಿಯೊಂದು ಕೂಡಿಟ್ಟ ತಿಂಡಿಯನ್ನು ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ತಿಂಡಿಯೂ ಹಾಳಾಗುತ್ತದೆ. ಒಂದು ವಾರದಲ್ಲಿ ಅಷ್ಟನ್ನೂ ತಂದು ತುಂಬದಿದ್ದರೆ ಕರಡಿ ಇವನನ್ನೇ ತಿನ್ನುತ್ತದೆ. ಬೇಲಿಯಾಚೆ ಹೊಸದಾಗಿ ಎದ್ದ ಬಡಾವಣೆಗೆ ಕನ್ನ ಹಾಕುವುದೊಂದೇ ಉಪಾಯ. ಅಲ್ಲಿ ಕರಡಿಗಿಂತ ಭಯಂಕರಳಾದ ಗ್ಲ್ಯಾಡಿಸ್ ಇದ್ದಾಳೆ, ನಿವಾಸಿಗಳ ಸಂಘದ ಅಧ್ಯಕ್ಷೆ. ಹುಲ್ಲು ಎಷ್ಟು ಎತ್ತರವಿರಬೇಕೆಂದು ಅಳೆದು ಹೇಳುವ ಇಂಥವರನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವವರಿಗೆ ವಿವರಿಸಬೇಕಿಲ್ಲ.

ಅದೇ ವರ್ಷ ಆಕ್ಟಿವಿಷನ್ ಕಂಪನಿ ಇದರ ವಿಡಿಯೋ ಆಟವನ್ನೂ ತಂದಿತು. ಅಕ್ಕನ ಮಗ ದೊಡ್ಡವನಾಗಿ, ಬೇಡವೆಂದು ನಮ್ಮಲ್ಲಿ ಬಿಟ್ಟುಹೋದ ನಿಂಟೆಂಡೋ ಡಿಎಸ್ ಎಂಬ, ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರದಲ್ಲಿರುವುದು ಅದೇ. ಇದರಲ್ಲಿ ಹೊಡಿ ಬಡಿಗಿಂತ ಅಡಗುವುದೇ ಹೆಚ್ಚು. ಮನೆಯವರ ಕಣ್ಣಿಗೆ ಬೀಳದೆ ಒಳಗೆ ನುಸುಳಿ, ತಿಂಡಿ ಎತ್ತಿಕೊಂಡು ಬರಬೇಕು. ಅವರು ಅತ್ತ ತಿರುಗುವವರೆಗೂ ಗೋಡೆಗಂಟಿ ಕಾಯುವುದು, ಮತ್ತೆ ಕಾಯುವುದು. ಸರ್ಕಾರಿ ಕಚೇರಿಗಳಲ್ಲಿ ಪಳಗಿದ ನನ್ನಂಥವನಿಗೆ ಹೇಳಿ ಮಾಡಿಸಿದ ಆಟ.

ಈ ಅಡಗುವ ಆಟಗಳ ವಂಶಮೂಲ ಸ್ವಾರಸ್ಯವಾಗಿದೆ. 1987ರಲ್ಲಿ ಜಪಾನಿನ ಹಿದಿಯೋ ಕೊಜಿಮಾ ‘ಮೆಟಲ್ ಗೇರ್’ ಎಂಬ ಯುದ್ಧದ ಆಟ ಮಾಡಲು ಹೊರಟರು. ಕೈಯಲ್ಲಿದ್ದ ಎಂಎಸ್‌ಎಕ್ಸ್2 ಕಂಪ್ಯೂಟರಿಗೋ ಪರದೆಯ ಮೇಲೆ ಹೆಚ್ಚು ಸೈನಿಕರನ್ನೂ ಗುಂಡುಗಳನ್ನೂ ಒಟ್ಟಿಗೆ ತೋರಿಸುವ ತ್ರಾಣವಿರಲಿಲ್ಲ. ಹೋಗಲಿ, ನಾಯಕ ಕಾದಾಡುವುದೇ ಬೇಡ, ಬಚ್ಚಿಟ್ಟುಕೊಳ್ಳಲಿ ಎಂದುಬಿಟ್ಟರು. ಬಡತನದಲ್ಲಿ ಹುಟ್ಟಿದ ವಿದ್ಯೆ ಅದು. ಅಂಗೈಯಗಲದ ಬಡ ಯಂತ್ರಕ್ಕೂ ಸೊಗಸಾಗಿ ಒಗ್ಗಿತು.

ಆದರೆ ಡಿಎಸ್ ಮಾಡಿದವರ ನಿಜವಾದ ಜಾಣ್ಮೆ ಕಾಣುವುದು ಅದರ ಮುಚ್ಚಳದಲ್ಲಿ. ಎರಡು ಪರದೆಗಳನ್ನು ಪುಸ್ತಕದಂತೆ ಮಡಚಿದರೆ ಸಾಕು, ಆಟ ಇದ್ದಲ್ಲೇ ನಿದ್ದೆಹೋಗುತ್ತದೆ. ತೆರೆದರೆ ಆರ್‌ಜೆ ಅದೇ ಸೋಫಾದ ಹಿಂದೆ ಕುಕ್ಕುರುಗಾಲಲ್ಲಿ ಕೂತಿರುತ್ತಾನೆ. ರಾತ್ರಿ ಹನ್ನೊಂದರ ಮೇಲೆ, ಹೊದಿಕೆಯೊಳಗೆ, ಸದ್ದು ಪೂರ್ತಿ ಇಳಿಸಿ ಆಡುವ ಗೃಹಸ್ಥನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

“ಏನ್ರೀ ಅದು ಬೆಳಕು?”

ಟಪ್. “ಟೈಮ್ ನೋಡ್ದೆ ಕಣೇ.”

“ಅರ್ಧ ಗಂಟೆಯಿಂದಲೂನಾ?”

ಸಿನಿಮಾದಲ್ಲಿ ಆರ್‌ಜೆಗೆ ಅಳಿಲು, ಆಮೆ, ಸ್ಕಂಕ್ ಎಂದು ಜೊತೆಗಾರರ ದಂಡೇ ಇದೆ. ನನಗೆ ಯಾರಿದ್ದಾರೆ? ಮೊಮ್ಮಗನಂತೆ ಆಡುತ್ತೀಯಲ್ಲೋ ಎನ್ನುವ ಅಮ್ಮ, ಅಷ್ಟೆ. ಆಟದೊಳಗಿನ ಮನೆಗಳನ್ನು ದೋಚಿಬಿಡಬಹುದು ಸ್ವಾಮಿ, ನಮ್ಮ ಮನೆಯ ಪಹರೆ ಇನ್ನೂ ಬಿಗಿ.

ನಿಮ್ಮ ಅಟ್ಟದ ಮೇಲೂ ಇಂಥದೊಂದು ಡಿಎಸ್ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಚಾರ್ಜರನ್ನೂ ಹುಡುಕಿಟ್ಟುಕೊಳ್ಳಿ. ಫೋನಿನ ಚಾರ್ಜರಿನ ಪಿನ್ನು ಅದಕ್ಕೆ ಹೊಂದುವುದಿಲ್ಲ.