ಲಕೋಟೆ ಋಜುರೇಖಾ ಮೀಮಾಂಸೆ

ಲಗ್ನಪತ್ರಿಕೆಯ ಕವರಿನ ಮೇಲೆ ಕೈಯಾರೆ ವಿಳಾಸ ಬರೆಯುವವರಿಗೆ ಒದಗುವ ಸಾಧನಗಳು ಮೂರು ಬಗೆ: ಸಶೇಷ, ಗರ್ಭಸ್ಥ, ತೇಜೋಮಯ. ಅಂಚೆಯಣ್ಣ ಓದಿದರಾಯಿತು, ಸೊಟ್ಟಗಿದ್ದರೇನು ಎಂಬ ಪೂರ್ವಪಕ್ಷವನ್ನು ಮದುವೆಮನೆಯ ಹಿರಿಯರೇ ಖಂಡಿಸಿರುವುದರಿಂದ ಇಲ್ಲಿ ಚರ್ಚೆಗಿಲ್ಲ.

ಸಶೇಷವೆಂದರೆ ಕೆಲಸ ಮುಗಿದರೂ ಗುರುತು ಉಳಿಸುವಂಥದು. ಸ್ಕೇಲು, ಪೆನ್ಸಿಲ್ಲು, ರಬ್ಬರು ಈ ವರ್ಗದ ತ್ರಿಮೂರ್ತಿಗಳು. ಲಯಕರ್ತನಾದ ರಬ್ಬರು ಬಲು ಅವಸರದವನು. ಜೆಲ್ ಪೆನ್ನಿನ ಶಾಯಿ ಆರುವ ಮುನ್ನವೇ ಬಂದು ಗೆರೆಯ ಜೊತೆಗೆ ಬೀಗರ ಹೆಸರನ್ನೂ ಒರೆಸುತ್ತಾನೆ.

ಗರ್ಭಸ್ಥವೇ ಶ್ರೇಷ್ಠವೆಂದು ಈ ಲೇಖಕನ ಮತ. ರೂಲ್ಡ್ ಹಾಳೆಯನ್ನು ಕವರಿನ ಅಳತೆಗೆ ಕತ್ತರಿಸಿ, ಗೆರೆಗಳ ಮೇಲೆ ಸ್ಕೆಚ್ ಪೆನ್ ಎಳೆದು ಒಳಗೆ ತೂರಿಸಬೇಕು. ಕವರು ತುಸು ದಪ್ಪವಿದ್ದರೆ ಗಾಜಿನ ಟೀಪಾಯಿಯ ಕೆಳಗೊಂದು ಟಾರ್ಚು. ಆಗ ಬೆನ್ನಿನ ಅಂಟುಜೋಡಣೆಯೂ ನೆರಳು ಬೀರಿ ತಾನೇ ಗೆರೆಯೆಂದು ನಟಿಸುವುದುಂಟು. ವೇದಾಂತಿಗಳ ಹಗ್ಗ–ಹಾವಿನ ಭ್ರಾಂತಿ ಇಲ್ಲಿಗೂ ಸಲ್ಲುತ್ತದೆ. ಕಡುಗೆಂಪು ದಪ್ಪ ಕವರಿಗೆ ಇದು ನಡೆಯದು. ಅದಕ್ಕೆ ತೇಜೋಮಯ, ಅಂದರೆ ಟೈಲ್ಸ್ ಕೆಲಸದವರ ಲೇಸರ್ ಲೆವೆಲ್. ಒರೆಸುವ ಗೋಜಿಲ್ಲ, ಆದರೆ ಬರೆಯುವ ಕೈಯೇ ಬೆಳಕಿಗೆ ಅಡ್ಡ.

ಇಷ್ಟು ನೇರದ ಮಾತು. ನಡುವಿನ ಪ್ರಶ್ನೆ ಇನ್ನೂ ಜಟಿಲ. 220 ಮಿ.ಮೀ. ಉದ್ದದ ಕವರಿಗೆ 110ರಲ್ಲಿ ಚುಕ್ಕಿಯಿಟ್ಟು, ಅಕ್ಷರ ಎಣಿಸಿ ಎರಡೂ ಕಡೆ ಸಮನಾಗಿ ಹಂಚಿದರೆ ಸಾಕೆನ್ನುವವರು ‘ತೀರ್ಥಹಳ್ಳಿ’ ಬರೆದು ನೋಡಲಿ. ಎಣಿಕೆಗೆ ನಾಲ್ಕೇ ಅಕ್ಷರ. ಆದರೆ ‘ತೀ’ಯ ದೀರ್ಘ ಪಕ್ಕಕ್ಕೆ ಚಾಚಿ ಒಂದು ಜಾಗ ಹಿಡಿಯುತ್ತದೆ, ‘ರ್ಥ’ದ ಅರ್ಕಾವೊತ್ತು ಇನ್ನೊಂದು. ಹೀಗಾಗಿ ಊರಿನ ನಟ್ಟನಡು ‘ಥ’ಕ್ಕೂ ಅದರ ಅರ್ಕಾವೊತ್ತಿಗೂ ನಡುವೆ ಬೀಳುತ್ತದೆ! ‘ಳ್ಳಿ’ಯ ಒತ್ತಾದರೋ ಕೆಳಗಿಳಿದು ಮುಂದಿನ ಸಾಲಿನ ತಲೆ ಕುಟ್ಟುತ್ತದೆ. ರದ್ದಿ ಕಾಗದದಲ್ಲಿ ಮೊದಲು ಬರೆದು, ಅಳೆದು, ಸಾಲುಗಳ ನಡುವೆ ಒತ್ತಿಗೂ ಅವಕಾಶ ಬಿಡುವುದೊಂದೇ ದಾರಿ.

ಸ್ವಯಂಭೂ ಎಂಬ ಕಿರುವರ್ಗವೂ ಉಂಟು: 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡಿಗೆಂದು ಕವರಿನಲ್ಲೇ ಅಚ್ಚಾಗಿ ಬರುವ ಆರು ಚೌಕಗಳು. ಅಂಕಿಗಳಿಗೆ ಒತ್ತೂ ಇಲ್ಲ, ದೀರ್ಘವೂ ಇಲ್ಲ.

ಅಚ್ಚಾದ ಸ್ಟಿಕ್ಕರ್ ಅಂಟಿಸುವ ನಾಸ್ತಿಕರನ್ನು ಈ ಗ್ರಂಥದಿಂದ ಹೊರಗಿಟ್ಟಿದೆ. ಅವರು ಅದನ್ನೂ ಸೊಟ್ಟಗೇ ಅಂಟಿಸುತ್ತಾರೆ.