ಕಿಟಕಿ ಹಾಕಿಸುವ ಕಾಕಾ ಅವರಿಗೆ ಬಹಿರಂಗ ಪತ್ರ

ಪೂಜ್ಯ ಕಾಕಾ ಅವರಿಗೆ,



ಊರಲ್ಲಿ ಕೆಮ್ಮು-ಜ್ವರದ ಸುದ್ದಿ ಎದ್ದಾಗಲೆಲ್ಲ ಧಾರವಾಡ-ಹುಬ್ಬಳ್ಳಿ ಬಸ್ಸಿನ ಜನರ ಆರೋಗ್ಯದ ಹೊಣೆಯನ್ನು ತಾವೇ ಹೊರುತ್ತೀರಿ. ಯಾರೂ ಕೇಳಿಲ್ಲ, ಪಗಾರವೂ ಇಲ್ಲ. ಹತ್ತಿದ ಕೂಡಲೇ ಮಫ್ಲರನ್ನು ಕಿವಿಯ ಮೇಲಿಂದ ಎರಡು ಸುತ್ತು ಬಿಗಿದು ಗದ್ದದ ಕೆಳಗೆ ಗಂಟು ಹಾಕುತ್ತೀರಿ. ಮೂಗು, ಬಾಯಿ ಎರಡೂ ಬಯಲಿಗೆ. ಆಮೇಲೆ "ತಮ್ಮಾ, ಕಿಟಕಿ ಹಾಕು, ಥಂಡಿ ಗಾಳಿ ಬರಾಕತ್ತೈತಿ" ಎಂದು ಮುಂದಿನ ಸೀಟಿಗೊಂದು, "ಅಕ್ಕಾರ, ನಿಮ್ದೂ ಅಷ್ಟ ಎಳೀರಿ" ಎಂದು ಪಕ್ಕದ ಸೀಟಿಗೊಂದು ಅಪ್ಪಣೆ. ನವಲೂರು ಬರುವುದರೊಳಗೆ ಎಲ್ಲ ಗಾಜೂ ಬಂದ್. ಆಗ ನೀವು ನಿಶ್ಚಿಂತೆಯಿಂದ ಕೆಮ್ಮಲು ಶುರು ಮಾಡುತ್ತೀರಿ.

ಕೋವಿಡ್ ಆಗಲಿ, ಎಚ್1ಎನ್1 ಆಗಲಿ ಕಿವಿಯಿಂದ ಒಳಹೊಕ್ಕಿದ್ದನ್ನು ನಾನಂತೂ ಕೇಳಿಲ್ಲ. ಇರಲಿ. ಗಾಳಿಯ ವಿಷಯದಲ್ಲಿ ಎಡವಿದವರು ನೀವೊಬ್ಬರೇ ಅಲ್ಲ. 2020ರ ಮಾರ್ಚ್‌ನಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯೇ ಕೋವಿಡ್ ಗಾಳಿಯಲ್ಲಿ ತೇಲಿ ಹರಡುವ ರೋಗವಲ್ಲ ಎಂದು ಸಾರಿತ್ತು. ನಾವೆಲ್ಲ ಅದನ್ನು ನಂಬಿ ಬಸ್ಸಿನ ಕಂಬಿಗೆಲ್ಲ ಸ್ಯಾನಿಟೈಸರ್ ಸುರಿದೆವು. ಗಾಳಿಯಾಡದ ಒಳಾಂಗಣದಲ್ಲಿ ಅದು ತೇಲಿಕೊಂಡೇ ದೂರದವರಿಗೂ ತಗುಲಬಹುದು ಎಂದು ಆ ಸಂಸ್ಥೆ ಬಿಡಿಸಿ ಬರೆಯಲು 2021 ಬರಬೇಕಾಯಿತು. ಜಿನೀವಾದವರಿಗೇ ಅಷ್ಟು ಹೊತ್ತು ಹಿಡಿದ ಮೇಲೆ ನಿಮ್ಮನ್ನು ಅವಸರ ಮಾಡಲು ನಾನ್ಯಾರು?

ಒಂದು ಬಸ್ಸಿನ ಕತೆ ಮಾತ್ರ ಹೇಳುತ್ತೇನೆ. 2020ರ ಜನವರಿಯಲ್ಲಿ ಚೀನಾದ ನಿಂಗ್ಬೋದಿಂದ ಭಕ್ತರು ಎರಡು ಬಸ್ಸಿನಲ್ಲಿ ಗುಡಿಗೆ ಹೊರಟರು. ನಮ್ಮ ಸವದತ್ತಿ ಯಲ್ಲಮ್ಮನ ಬಸ್ಸು ಅಂದುಕೊಳ್ಳಿ. ಹೋಗಲು 50 ನಿಮಿಷ, ಬರಲು 50. ಎಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಬಿಡುತ್ತಿತ್ತು. ಒಂದು ಬಸ್ಸಿನ 68 ಜನರಲ್ಲಿ ಒಬ್ಬರಿಗೆ ಸೋಂಕಿತ್ತು. ಆ ಬಸ್ಸಿನ ಇನ್ನೂ 23 ಜನರಿಗೆ ತಗುಲಿತು, ದೂರದ ಸಾಲಿನವರನ್ನೂ ಬಿಡಲಿಲ್ಲ. ಮತ್ತೊಂದು ಬಸ್ಸಿನ 60 ಜನರಲ್ಲಿ ಒಬ್ಬರಿಗೂ ಇಲ್ಲ. ಸೋಂಕು ಹೊಕ್ಕ ಬಸ್ಸಿನಲ್ಲೂ ಡ್ರೈವರ್ ಪಾರಾದ, ಬಾಗಿಲ ಬದಿಯವರು ಪಾರಾದರು; ತೆರೆಯಬಹುದಾದ ಕಿಟಕಿಯ ಪಕ್ಕದವರಲ್ಲಿ ಸಿಕ್ಕಿಬಿದ್ದವರು ಒಬ್ಬರೇ. ಪುಣ್ಯಕ್ಕೆ ನೀವು ಆ ಊರಿನವರಲ್ಲ.

ತೆರೆಯಲಾಗದಂತೆ ಗಾಜು ಜಡಿದಿರುವ ಚಿಗರಿ ಎಸಿ ಬಸ್ಸಿನಲ್ಲಿ ನಿಮಗೇನೂ ಕೆಲಸವಿರಲಿಕ್ಕಿಲ್ಲ ಅಂದುಕೊಂಡಿದ್ದೆ. ಅಲ್ಲಿ "ಎಸಿ ಬಂದ್ ಮಾಡ್ರಿ" ಎಂದು ಡ್ರೈವರನಿಗೇ ಹುಕುಂ ಮಾಡಿದಿರಿ. ಅಂದರೆ ಇದ್ದಷ್ಟು ಗಾಳಿಯೂ ಅಲುಗಾಡಬಾರದು! ಅದೇ ಹಾದಿಯಲ್ಲಿ ಜನ ಕಿಮ್ಸ್ ಅನ್ನುವ ವಿದ್ಯಾನಗರದ ಆಸ್ಪತ್ರೆ ಇದೆ, ಸತ್ತೂರಿನ ಎಸ್‌ಡಿಎಂ ಇದೆ. ಜ್ವರ ಬಂದವರು ಆಸ್ಪತ್ರೆಗೆ ಹೋಗುವುದೂ ಅದೇ ಬಸ್ಸಿನಲ್ಲಿ. ಪಾಪ, ಮತ್ತೆ ಹೇಗೆ ಹೋಗಬೇಕು? ಮಾಸ್ಕಿನ ಮಾತು ತೆಗೆದರೆ "ಎರಡೂ ಡೋಸ್ ಆಗ್ಯಾವು" ಎಂದು ನನ್ನ ಬಾಯಿ ಮುಚ್ಚಿಸಿದಿರಿ. 2021ರ ನವೆಂಬರಿನಲ್ಲಿ ಅದೇ ಸತ್ತೂರಿನ ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಮಾರಂಭದ ಬೆನ್ನಿಗೆ 280ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತ್ತಲ್ಲ, ಅವರಲ್ಲೂ ಹೆಚ್ಚಿನವರಿಗೆ ಲಸಿಕೆಯ ಎರಡೂ ಡೋಸ್ ಆಗಿದ್ದವು. ಬಹುತೇಕರಿಗೆ ಲಕ್ಷಣಗಳೇ ಇರಲಿಲ್ಲ, ಅದು ಲಸಿಕೆಯ ಪುಣ್ಯ. ಆದರೆ ಲಕ್ಷಣವಿಲ್ಲದವರೂ ಪಕ್ಕದವರಿಗೆ ಸೋಂಕು ದಾಟಿಸಬಲ್ಲರು.

ಹಾಗಂತ ಕಿಟಕಿಯನ್ನೆಲ್ಲ ತೆರೆದು ನಿಮ್ಮನ್ನು ಧಾರವಾಡದ ಜಡಿಮಳೆಗೆ ಒಡ್ಡಬೇಕೆಂದು ಯಾರೂ ಹೇಳುತ್ತಿಲ್ಲ. ಮುಂದೊಂದು, ಹಿಂದೊಂದು ಕಿಟಕಿ ನಾಲ್ಕು ಬೆರಳು ಸರಿಸಿದರೆ ಗಾಳಿ ಈಚೆಯಿಂದ ಆಚೆ ಹಾಯುತ್ತದೆ. ಕೆಮ್ಮು ಜೋರಿದ್ದ ದಿನ ಹುಬ್ಬಳ್ಳಿಯ ಮದುವೆ ಊಟ ಒಂದು ತಪ್ಪಿದರೆ ಬೀಗರು ಅರ್ಥ ಮಾಡಿಕೊಳ್ಳುತ್ತಾರೆ. ಹೋಗಲೇಬೇಕೆಂದರೆ ಮೂಗು ಮುಚ್ಚುವಂಥ ಮಾಸ್ಕು ಹಾಕಿಕೊಳ್ಳಿ, ಎನ್95 ಆದರೆ ಇನ್ನೂ ಬೇಸು. ಅದರ ಮೇಲೆ ಮಫ್ಲರ್ ಸುತ್ತಲು ಅಡ್ಡಿಯಿಲ್ಲ.

ಅಷ್ಟಾದರೂ ಥಂಡಿ ಅನಿಸಿದರೆ ನನ್ನ ಸೀಟಿಗೆ ಬರ್ರಿ, ಅದು ಒಳಗಿನದು, ಬೆಚ್ಚಗಿರುತ್ತದೆ. ನಿಮ್ಮ ಕಿಟಕಿ ಬದಿಯ ಸೀಟಿನ ಕಷ್ಟವನ್ನು ನಾನೇ ಸಹಿಸಿಕೊಳ್ಳುತ್ತೇನೆ. ಹಿರಿಯರಿಗಾಗಿ ಇಷ್ಟಾದರೂ ಮಾಡದಿದ್ದರೆ ಹೇಗ್ರಿ?

ಇತಿ,
ನಿಮ್ಮ ಹಿಂದಿನ ಸೀಟಿನವ